ಪಕ್ಕದಲ್ಲಿರೋರು ಯಾರು? ನೆಟ್‌ವರ್ಕ್ ಯಂತ್ರಗಳು ನೆರೆಹೊರೆ ಕಲಿತ ಕತೆ

ಇವತ್ತಿನ ಮಾತು ಚೆನ್ನೈನ ಬೆಸೆಂಟ್ ನಗರದಿಂದ ಶುರುವಾಗುತ್ತೆ. ಬೆಸೆಂಟ್ ನಗರ ಅಂದ ತಕ್ಷಣ ನೆನಪಾಗೋದು ಎಲಿಯಟ್ಸ್ ಬೀಚು, ಅಷ್ಟಲಕ್ಷ್ಮಿ ದೇವಸ್ಥಾನ, ವೇಲಾಂಕಣ್ಣಿ ಮಾತೆಯ ಚರ್ಚು. ಅದೇ ಬಡಾವಣೆಯಲ್ಲಿ ರಾಜಾಜಿ ಭವನ ಅಂತ ಕೇಂದ್ರ ಸರ್ಕಾರದ ಕಚೇರಿಗಳ ದೊಡ್ಡ ಕಟ್ಟಡವೂ ಇದೆ. ಎನ್‌ಐಸಿ, ಅಂದರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಮಿಳುನಾಡು ರಾಜ್ಯ ಘಟಕ ಇರೋದು ಅಲ್ಲೇ. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಐಐಟಿ ಮದ್ರಾಸ್.

1980ರ ದಶಕದ ಎರಡನೇ ಅರ್ಧದಲ್ಲಿ ನಮ್ಮ ದೇಶದಲ್ಲಿ ಎರಡು ದೊಡ್ಡ ನೆಟ್‌ವರ್ಕ್‌ಗಳು ಹುಟ್ಟಿದವು. ಒಂದು ಅರ್ನೆಟ್, ವಿದ್ಯಾಸಂಸ್ಥೆಗಳಿಗಾಗಿ. ಇನ್ನೊಂದು ನಿಕ್‌ನೆಟ್, ಸರ್ಕಾರಿ ಕಚೇರಿಗಳಿಗಾಗಿ. ಐಐಟಿ ಮದ್ರಾಸ್ ಮೊದಲನೆಯದರಲ್ಲಿ, ಎನ್‌ಐಸಿ ಎರಡನೆಯದರಲ್ಲಿ. ಊರಿನ ನಕ್ಷೆಯಲ್ಲಿ ಇಬ್ಬರೂ ಅಕ್ಕಪಕ್ಕ. ಆದರೆ ಆ ಎರಡೂ ನೆಟ್‌ವರ್ಕ್‌ಗಳಲ್ಲಿ ಒಂದು ಯಂತ್ರಕ್ಕೆ ತನ್ನ ಪಕ್ಕದಲ್ಲಿ ಯಾರಿದ್ದಾರೆ ಅಂತ ತಾನಾಗಿ ತಿಳಿದುಕೊಳ್ಳುವ ದಾರಿ ಇರಲಿಲ್ಲ. ಇವತ್ತು ನಿಮ್ಮ ಆಫೀಸಿನ ಸ್ವಿಚ್‌ಗೆ ಒಂದು ಕೇಬಲ್ ಚುಚ್ಚಿದರೆ ಅರ್ಧ ನಿಮಿಷದೊಳಗೆ ಆ ಕಡೆ ಇರೋದು ಯಾವ ಯಂತ್ರ, ಅದರ ಹೆಸರೇನು, ಯಾವ ಪೋರ್ಟಿಗೆ ಕೇಬಲ್ ಹೋಗಿದೆ ಅನ್ನೋದೆಲ್ಲ ಗೊತ್ತಾಗುತ್ತೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂದ್ವಿ? ಬರುವ ದಾರಿಯಲ್ಲಿ ಎಲ್ಲೆಲ್ಲಿ ಎಡವಿದ್ವಿ? ಅದೇ ಇವತ್ತಿನ ಕತೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳೋದು ಬೇರೆ, ಅವರು ಹೇಳಿದ ಹಾಗೆ ನಮ್ಮ ಮನೆ ನಡೆಸೋದು ಬೇರೆ. ಈ ಎರಡನ್ನೂ ಬೇರೆ ಬೇರೆ ಇಟ್ಟಾಗ ನೆಟ್‌ವರ್ಕ್‌ಗಳು ಚೆನ್ನಾಗಿ ನಡೆದಿವೆ. ಒಂದೇ ಅಂದುಕೊಂಡಾಗ ಬಿದ್ದಿವೆ.

ಕೈಯಲ್ಲಿ ಬರೆದ ಪಟ್ಟಿ

ಅರ್ನೆಟ್ ಯೋಜನೆ ಶುರುವಾಗಿದ್ದು 1986ರಲ್ಲಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಕೆಲಸ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು. ಒಳಗಿದ್ದದ್ದು ಎಂಟು ಸಂಸ್ಥೆಗಳು: ದೆಹಲಿ, ಬಾಂಬೆ, ಕಾನ್ಪುರ, ಖರಗ್‌ಪುರ, ಮದ್ರಾಸ್‌ನ ಐದು ಐಐಟಿಗಳು, ನಮ್ಮ ಬೆಂಗಳೂರಿನ ಐಐಎಸ್‌ಸಿ, ಬಾಂಬೆಯ ಎನ್‌ಸಿಎಸ್‌ಟಿ, ಮತ್ತು ದೆಹಲಿಯಲ್ಲಿ ಇಲಾಖೆಯೇ.

ಮೊದಮೊದಲು ಇವರೆಲ್ಲ ಮೇಲ್ ಕಳಿಸುತ್ತಿದ್ದದ್ದು ಯುಯುಸಿಪಿ ಅನ್ನೋ ವಿಧಾನದಲ್ಲಿ. ಒಂದು ಯುನಿಕ್ಸ್ ಯಂತ್ರ ಮೋಡೆಮ್ ಮೂಲಕ ಇನ್ನೊಂದು ಯಂತ್ರಕ್ಕೆ ಫೋನ್ ಮಾಡಬೇಕು, ಇರುವ ಪತ್ರಗಳನ್ನೆಲ್ಲ ಕೊಟ್ಟು, ಅಲ್ಲಿಂದ ಬರಬೇಕಾದ್ದನ್ನು ತಗೊಂಡು ಫೋನ್ ಇಡಬೇಕು. ಯಾರಿಗೆ ಫೋನ್ ಮಾಡೋದು? ಅದಕ್ಕೆ ಒಂದು ಫೈಲ್ ಇರುತ್ತಿತ್ತು. ಅದರಲ್ಲಿ ಒಂದೊಂದು ಸಾಲಿಗೆ ಒಬ್ಬ ನೆರೆಯವನು: ಅವನ ಹೆಸರು, ಯಾವ ಹೊತ್ತಿನಲ್ಲಿ ಕರೆ ಮಾಡಬಹುದು, ಯಾವ ವೇಗ, ಫೋನ್ ನಂಬರು, ಒಳಗೆ ಹೋಗೋಕೆ ಹೆಸರು ಮತ್ತು ಪಾಸ್‌ವರ್ಡ್. ಅಷ್ಟನ್ನೂ ಒಬ್ಬ ಮನುಷ್ಯ ಕೂತು ಬರೆದಿರಬೇಕು.

ವಿಳಾಸಗಳೂ ಹಾಗೇ. ಎನ್‌ಸಿಎಸ್‌ಟಿಯ ಯಂತ್ರದ ಹೆಸರು 'ಶಕ್ತಿ', ಐಐಎಸ್‌ಸಿಯದು 'ವಿಜ್ಞಾನ್'. ಅಮೆರಿಕದಿಂದ ಬೆಂಗಳೂರಿಗೆ ಬರೆಯುವವರು ಹೆಚ್ಚುಕಡಿಮೆ ಹೀಗೆ ಬರೆಯಬೇಕಿತ್ತು: ಯುಯುನೆಟ್, ಆಶ್ಚರ್ಯಸೂಚಕ ಚಿಹ್ನೆ, ಶಕ್ತಿ, ಮತ್ತೆ ಅದೇ ಚಿಹ್ನೆ, ವಿಜ್ಞಾನ್, ಮತ್ತೆ ಚಿಹ್ನೆ, ಕೊನೆಗೆ ವ್ಯಕ್ತಿಯ ಹೆಸರು. ಹಳ್ಳಿಯಲ್ಲಿ ದಾರಿ ಹೇಳ್ತಾರಲ್ಲ, 'ಅರಳಿಕಟ್ಟೆ ದಾಟಿ, ಆಮೇಲೆ ಗಿರಣಿ, ಅದರ ಹಿಂದಿನ ಮನೆ' ಅಂತ, ಥೇಟ್ ಹಾಗೆ. ದಾರಿ ಗೊತ್ತಿದ್ದವರಿಗೆ ಮಾತ್ರ ಪತ್ರ ಬರೆಯೋಕೆ ಸಾಧ್ಯ. ಜಗತ್ತಿನಾದ್ಯಂತ ಯಾರಿಗೆ ಯಾರು ನೆರೆ ಅನ್ನೋ ಪಟ್ಟಿಗಳನ್ನು ಸ್ವಯಂಸೇವಕರು ಕೂಡಿಸಿ ಆಗಾಗ ಹಂಚುತ್ತಿದ್ದರು. ಆ ಪಟ್ಟಿಯಿಂದ ದಾರಿ ಲೆಕ್ಕ ಹಾಕಿಕೊಡುವ ಪಾಥ್‌ಅಲಿಯಾಸ್ ಅನ್ನೋ ಪ್ರೋಗ್ರಾಮೂ ಇತ್ತು.

ಇದರಲ್ಲಿ ಒಂದು ಒಳ್ಳೆಯ ಗುಣ ಇದೆ ನೋಡಿ. ನೀವು ಬರೆಯದ ಹೊರತು ಯಾರೂ ನಿಮ್ಮ ನೆರೆಯವರಾಗಲ್ಲ. ಕೆಟ್ಟ ಗುಣವೂ ಇದೆ. ಆ ಕಡೆಯ ಫೋನ್ ನಂಬರ್ ಬದಲಾದರೆ ಈ ಕಡೆ ಯಾರಾದರೂ ತಿದ್ದುವ ತನಕ ಪತ್ರಗಳು ಅಲ್ಲೇ ಕೂತಿರುತ್ತವೆ. ನೆಟ್‌ವರ್ಕಿನ ನಿಜವಾದ ನಕ್ಷೆ ಇರೋದು ಯಂತ್ರದಲ್ಲಲ್ಲ, ಅದನ್ನು ನೋಡಿಕೊಳ್ಳುವವನ ತಲೆಯಲ್ಲಿ. ಅವನು ಕೆಲಸ ಬಿಟ್ಟರೆ ನಕ್ಷೆಯೂ ಅವನ ಜೊತೆ ಹೋಯಿತು.

ನೆರೆಯವರೇ ಇಲ್ಲದ ನೆಟ್‌ವರ್ಕ್

ನಿಕ್‌ನೆಟ್ ಹಿಡಿದದ್ದು ಪೂರ್ತಿ ಬೇರೆ ದಾರಿ. ಎನ್‌ಐಸಿ ಸ್ಥಾಪನೆಯಾಗಿದ್ದು 1976ರಲ್ಲಿ. ಅದನ್ನು ಕಟ್ಟಿದ ಎನ್. ಶೇಷಗಿರಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದವರು. ಪ್ರತಿ ಜಿಲ್ಲೆಯ ಕೇಂದ್ರಕ್ಕೂ ಕಂಪ್ಯೂಟರ್ ಸಂಪರ್ಕ ಕೊಡಬೇಕು ಅನ್ನೋದು ಗುರಿ. ಆಗಿನ ಟೆಲಿಫೋನ್ ಲೈನ್‌ಗಳನ್ನು ನಂಬಿ ಅದು ಆಗುವ ಮಾತಲ್ಲ. ಹಾಗಾಗಿ ಉಪಗ್ರಹ. ದೆಹಲಿಯಲ್ಲಿ ಒಂದು ದೊಡ್ಡ ಮುಖ್ಯ ಭೂಕೇಂದ್ರ, ರಾಜ್ಯ ಮತ್ತು ಜಿಲ್ಲೆಗಳಲ್ಲಿ ಸಣ್ಣ ಡಿಶ್‌ಗಳು.

ಇದು ನಕ್ಷತ್ರದಾಕಾರದ ನೆಟ್‌ವರ್ಕ್: ನಡುವೆ ಒಬ್ಬ, ಸುತ್ತ ಎಲ್ಲರೂ. ಚೆನ್ನೈಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಆದರೆ ಇಂಥ ನೆಟ್‌ವರ್ಕಿನಲ್ಲಿ ಸಂದೇಶ ಚೆನ್ನೈಯಿಂದ ಸುಮಾರು 36,000 ಕಿಲೋಮೀಟರ್ ಮೇಲಕ್ಕೆ ಹೋಗಿ, ದೆಹಲಿಗೆ ಇಳಿದು, ಮತ್ತೆ ಅಷ್ಟೇ ಮೇಲೇರಿ, ಬೆಂಗಳೂರಿಗೆ ಇಳಿಯಬೇಕು. ಬೆಳಕಿನ ವೇಗದಲ್ಲಿ ಹೋದರೂ ಹೆಚ್ಚುಕಡಿಮೆ ಅರ್ಧ ಸೆಕೆಂಡು.

ಆದರೂ ಆ ಕಾಲಕ್ಕೆ ಇದು ಜಾಣ ನಿರ್ಧಾರವೇ. ಜಿಲ್ಲಾ ಕಚೇರಿಯ ಯಂತ್ರಕ್ಕೆ ಗೊತ್ತಿರಬೇಕಾದ್ದು ಒಂದೇ ವಿಷಯ: ದೆಹಲಿ. ನೆರೆಯವರನ್ನು ಹುಡುಕುವ ಕಷ್ಟವಿಲ್ಲ, ಯಾಕಂದ್ರೆ ನೆರೆಯವರೇ ಇಲ್ಲ. ಪಟ್ಟಿ ತಿದ್ದಬೇಕಾದರೆ ಒಂದೇ ಕಡೆ ತಿದ್ದಿದರೆ ಸಾಕು. ಬೆಲೆ ಏನು ಅಂದರೆ, ನಡುವಿನವನು ಮಲಗಿದರೆ ಎಲ್ಲರೂ ಮಲಗಿದ ಹಾಗೆ.

ಅಂದರೆ ಒಂದೇ ಊರಿನಲ್ಲಿ ಎರಡು ಉತ್ತರಗಳಿದ್ದವು. ಅರ್ನೆಟ್‌ನಲ್ಲಿ ನೆರೆಯವರ ಪಟ್ಟಿಯನ್ನು ಮನುಷ್ಯ ಬರೆಯುತ್ತಾನೆ. ನಿಕ್‌ನೆಟ್‌ನಲ್ಲಿ ಎಲ್ಲವೂ ಕೇಂದ್ರಕ್ಕೆ ಗೊತ್ತು. ಮೂರನೆಯ ಉತ್ತರವೊಂದಿದೆ: ಯಂತ್ರಗಳು ತಾವೇ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಲಿ. ಈ ಯೋಚನೆ ಇವೆರಡಕ್ಕಿಂತ ಹಳೆಯದು. ಅದಕ್ಕೆ ಅಮೆರಿಕಕ್ಕೆ ಹೋಗಬೇಕು.

'ಹಲೋ', 'ಕೇಳಿಸ್ತು'

1969ರಲ್ಲಿ ಶುರುವಾದ ಅರ್ಪಾನೆಟ್‌ನಲ್ಲಿ ಐಎಂಪಿ ಅನ್ನೋ ಪೆಟ್ಟಿಗೆಗಳು ಇವತ್ತಿನ ರೂಟರ್‌ಗಳ ಕೆಲಸ ಮಾಡುತ್ತಿದ್ದವು. ಪಕ್ಕದ ಲೈನ್ ಬದುಕಿದೆಯಾ ಅಂತ ನೋಡೋಕೆ ಒಂದು 'ಹಲೋ' ಅನ್ನುತ್ತಿತ್ತು, ಇನ್ನೊಂದು 'ನೀನು ಹೇಳಿದ್ದು ಕೇಳಿಸ್ತು' ಅನ್ನುತ್ತಿತ್ತು. ಇದು ಪರಿಚಯ. ಇದರ ಮೇಲೆ ಇನ್ನೊಂದು ಪದರ: ಪ್ರತಿ ಪೆಟ್ಟಿಗೆ ತನ್ನ ಲೈನ್‌ಗಳ ಸ್ಥಿತಿಯನ್ನು ನೆರೆಯವರಿಗೆ ಹೇಳುತ್ತೆ, ಅವರು ಅವರ ನೆರೆಯವರಿಗೆ ದಾಟಿಸುತ್ತಾರೆ, ಹೀಗೆ ಸುದ್ದಿ ಇಡೀ ನೆಟ್‌ವರ್ಕಿಗೆ ಹರಡುತ್ತೆ. ಹಳೆಯ ಸುದ್ದಿ ಯಾವುದು, ಹೊಸದು ಯಾವುದು ಅಂತ ತಿಳಿಯೋಕೆ ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆ, 0ಯಿಂದ 63ರವರೆಗೆ. 63 ಆದಮೇಲೆ ಮತ್ತೆ 0, ಗಡಿಯಾರದ ಮುಳ್ಳಿನ ಹಾಗೆ.

1980ರ ಅಕ್ಟೋಬರ್ 27ರಂದು ಇಡೀ ಅರ್ಪಾನೆಟ್ ಹಲವು ಗಂಟೆ ಕಾಲ ಬಿದ್ದುಹೋಯಿತು. ಕಾರಣ ನೋಡಿ. ಒಂದು ಪೆಟ್ಟಿಗೆಯ ಹಾರ್ಡ್‌ವೇರ್ ಕೆಟ್ಟು, ತಾನು ದಾಟಿಸುತ್ತಿದ್ದ ಸುದ್ದಿಯ ಕ್ರಮಸಂಖ್ಯೆಯಿಂದ ಒಂದೊಂದು ಬಿಟ್ ಉದುರಿತು. 44 ಅನ್ನೋದು 40 ಆಯ್ತು, 40 ಅನ್ನೋದು 8 ಆಯ್ತು. ಒಬ್ಬನದೇ ಸುದ್ದಿಯ ಮೂರು ಪ್ರತಿ ಊರಲ್ಲಿ ಓಡಾಡತೊಡಗಿದವು. ಗಡಿಯಾರದ ಲೆಕ್ಕದಲ್ಲಿ 40 ಅನ್ನೋದು 8ಕ್ಕಿಂತ ಹೊಸದು, 44 ಅನ್ನೋದು 40ಕ್ಕಿಂತ ಹೊಸದು, 8 ಅನ್ನೋದು 44ಕ್ಕಿಂತ ಹೊಸದು! ಕೊನೆಯೇ ಇಲ್ಲದ ಸುತ್ತು. ಪ್ರತಿ ಪೆಟ್ಟಿಗೆಯೂ ಬಂದ ಪ್ರತಿಯನ್ನು 'ಹೊಸ ಸುದ್ದಿ' ಅಂತ ನಂಬಿ ಪಕ್ಕದವರಿಗೆ ದಾಟಿಸಿತು. ಬೇರೆ ಕೆಲಸಕ್ಕೆ ಬಿಡುವೇ ಇಲ್ಲ.

ಒಂದು ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಾ? ಇಲ್ಲ. ಎದ್ದ ಕೂಡಲೇ ಪಕ್ಕದವರು ಅದೇ ಸುದ್ದಿಯನ್ನು ಮತ್ತೆ ಕಿವಿಗೆ ಹಾಕುತ್ತಾರೆ. ಕೊನೆಗೆ, ಆ ಒಬ್ಬನ ಹೆಸರಿನಲ್ಲಿ ಬರುವ ಸುದ್ದಿಯನ್ನು ಕಡೆಗಣಿಸಿ ಅಂತ ಪೆಟ್ಟಿಗೆಗಳಿಗೆಲ್ಲ ತಿದ್ದುಪಡಿ ಹಾಕಬೇಕಾಯಿತು. ಇದರ ವಿವರವನ್ನು ಎರಿಕ್ ರೋಸನ್ ಬರೆದಿಟ್ಟಿದ್ದಾರೆ, ಆರ್‌ಎಫ್‌ಸಿ 789 ಅಂತ.

ಯಾರೂ ಇಲ್ಲಿ ಸುಳ್ಳು ಹೇಳಿರಲಿಲ್ಲ, ದಾಳಿ ಮಾಡಿರಲಿಲ್ಲ. ಎಲ್ಲರೂ ನೆರೆಯವರನ್ನು ನಂಬಿದ್ದರು, ಅಷ್ಟೇ. ಆ ಸುದ್ದಿಗಳು ತಾವಾಗಿ ಸಾಯಲೂ ಇಲ್ಲ.

ಮುಂದೆ ಬಂದವರು ಈ ಪಾಠವನ್ನು ಗಟ್ಟಿಯಾಗಿ ಕಲಿತರು. 1989ರಲ್ಲಿ ಮೊದಲು ಪ್ರಕಟವಾದ, ಇವತ್ತಿಗೂ ದೊಡ್ಡ ಕಚೇರಿಗಳಲ್ಲಿ ನಡೆಯುವ ಒಎಸ್‌ಪಿಎಫ್ ಅನ್ನೇ ತಗೊಳ್ಳಿ. ಅದರ ರೂಟರ್‌ಗಳೂ ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ 'ಹಲೋ' ಅನ್ನುತ್ತವೆ. 40 ಸೆಕೆಂಡು ಸದ್ದಿಲ್ಲದಿದ್ದರೆ ನೆರೆಯವನು ಸತ್ತ ಅಂತ ಲೆಕ್ಕ. ಎರಡೂ ಕಡೆಯ ಲೆಕ್ಕಾಚಾರ ಹೊಂದದಿದ್ದರೆ ನೆಂಟಸ್ತನವೇ ಬೆಳೆಯಲ್ಲ. ದಾಟುವ ಸುದ್ದಿಗೆ ತಪ್ಪು ಹಿಡಿಯುವ ಮೊತ್ತ ಇರುತ್ತೆ, ವಯಸ್ಸೂ ಇರುತ್ತೆ. ಹುಟ್ಟಿಸಿದವನು ಹೊಸದು ಮಾಡದಿದ್ದರೆ ಒಂದು ಗಂಟೆಗೆ ಅದು ಕಸಕ್ಕೆ.

ಬಾಗಿಲ ಮುಂದಿನ ರಂಗೋಲಿ

ಈಗ ಕಟ್ಟಡದೊಳಗೆ ಬರೋಣ. 1980ರ ದಶಕದಲ್ಲಿ ಈಥರ್ನೆಟ್ ಹರಡಿತು. 1982ರಲ್ಲಿ ಬಂದ ಎಆರ್‌ಪಿ 'ಈ ವಿಳಾಸ ಯಾರದ್ದು?' ಅಂತ ಕೂಗಿ ಕೇಳುವ ವಿಧಾನ. 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ರೂಪಿಸಿದರು. ನೆರೆಯ ಸ್ವಿಚ್‌ಗಳು ಮಾತಾಡಿಕೊಂಡು, ಸುತ್ತು ಹಾಕುವ ದಾರಿಗಳನ್ನು ತಾವೇ ಮುಚ್ಚಿಕೊಳ್ಳುವ ಉಪಾಯ ಅದು. ಆದರೆ ಇವೆರಡೂ ಯಂತ್ರಗಳ ನಡುವಿನ ಮಾತು. ನೋಡಿಕೊಳ್ಳುವ ಮನುಷ್ಯನಿಗೆ 'ಈ ಕೇಬಲ್ ಎಲ್ಲಿಗೆ ಹೋಗಿದೆ' ಅಂತ ತಿಳಿಯಬೇಕಾದರೆ ಆಗಲೂ ಫಾಲ್ಸ್ ಸೀಲಿಂಗ್ ಬಿಚ್ಚಬೇಕು, ಇಲ್ಲ ಯಾರೋ ಯಾವಾಗಲೋ ಬರೆದ ಪಟ್ಟಿ ನಂಬಬೇಕು.

1994ರಲ್ಲಿ ಸಿಸ್ಕೊ ಕಂಪನಿಯ ಕೀತ್ ಮೆಕ್ಲೊಗ್ರಿ ಮತ್ತು ಡಿನೊ ಫರಿನಾಚಿ ಸಿಡಿಪಿ ಅನ್ನೋದನ್ನು ಮಾಡಿದರು. ಪ್ರತಿ ಯಂತ್ರ 60 ಸೆಕೆಂಡಿಗೊಮ್ಮೆ ಪ್ರತಿ ಪೋರ್ಟಿನಲ್ಲೂ 'ನಾನು ಇಂಥವನು, ನನ್ನ ಮಾದರಿ ಇದು, ನಿನ್ನ ಕೇಬಲ್ ನನ್ನ ಇಂಥ ಪೋರ್ಟಿಗೆ ಬಂದಿದೆ' ಅಂತ ಹೇಳುತ್ತೆ. ಕೇಳಿದವರು ಅದನ್ನು 180 ಸೆಕೆಂಡು ನೆನಪಿಟ್ಟುಕೊಳ್ಳುತ್ತಾರೆ. ತುಂಬ ಉಪಯೋಗದ್ದು, ಆದರೆ ಸಿಸ್ಕೊ ಭಾಷೆ. ಎಕ್ಸ್‌ಟ್ರೀಮ್, ಫೌಂಡ್ರಿ, ನಾರ್ಟೆಲ್ ಕಂಪನಿಗಳೂ ತಮ್ಮತಮ್ಮ ಭಾಷೆ ಮಾಡಿಕೊಂಡವು. ಒಂದೇ ವಠಾರದಲ್ಲಿ ನಾಲ್ಕು ಮನೆ, ನಾಲ್ಕು ಭಾಷೆ. ಎಲ್ಲರೂ ಪರಿಚಯ ಹೇಳಿಕೊಳ್ಳುತ್ತಾರೆ, ಯಾರಿಗೂ ಅರ್ಥವಾಗಲ್ಲ.

ಎಲ್ಲರಿಗೂ ಒಂದೇ ಭಾಷೆ ಬಂದಿದ್ದು 2005ರಲ್ಲಿ, ಐಇಇಇ 802.1ಎಬಿ ಅನ್ನೋ ಮಾನದಂಡವಾಗಿ. ಅದೇ ಎಲ್‌ಎಲ್‌ಡಿಪಿ. ಇದನ್ನು ಅರ್ಥ ಮಾಡಿಕೊಳ್ಳೋಕೆ ಬೆಸೆಂಟ್ ನಗರದ ಮನೆಗಳ ಮುಂದೆ ಬೆಳಗ್ಗೆ ಬಿಡಿಸುವ ಕೋಲಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ನಾವು ರಂಗೋಲಿ ಅನ್ನೋದೇ ಅದು. ಬಾಗಿಲ ಮುಂದೆ ರಂಗೋಲಿ ಇದೆ ಅಂದರೆ ಮನೆಯಲ್ಲಿ ಜನ ಇದ್ದಾರೆ ಅಂತ. ಅದನ್ನು ನೋಡಲು ಆ ಬೀದಿಗೇ ಬರಬೇಕು, ಮುಂದಿನ ಬೀದಿಗೆ ಅದು ಕಾಣಲ್ಲ. ನೋಡಿದವರು ಉತ್ತರ ಕೊಡಬೇಕಾಗಿಲ್ಲ. ಸಂಜೆಗೆ ಅಳಿಸಿಹೋಗುತ್ತೆ. ಮರುದಿನ ಹಾಕದಿದ್ದರೆ ಊರಲ್ಲಿಲ್ಲವೇನೋ ಅಂತ ಪಕ್ಕದವರು ಅಂದುಕೊಳ್ಳುತ್ತಾರೆ.

ಎಲ್‌ಎಲ್‌ಡಿಪಿ ಹೆಚ್ಚುಕಡಿಮೆ ಹೀಗೇ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಒಂದು ಸಣ್ಣ ಸಂದೇಶ. ಅದರಲ್ಲಿ ಕಡ್ಡಾಯವಾಗಿ ಇರಬೇಕಾದ್ದು ಮೂರೇ ವಿಷಯ: ಯಂತ್ರದ ಗುರುತು, ಪೋರ್ಟಿನ ಗುರುತು, ಈ ಮಾತು ಎಷ್ಟು ಹೊತ್ತು ನಿಜ ಅನ್ನೋದು. ಆ ಅವಧಿ ಸಾಮಾನ್ಯವಾಗಿ 120 ಸೆಕೆಂಡು. ಹೆಸರು, ವಿವರಣೆ, ನಿರ್ವಹಣಾ ವಿಳಾಸ ಎಲ್ಲ ಇಷ್ಟವಿದ್ದರೆ. ಅದು ಹೋಗುವ ವಿಳಾಸ ಎಂಥದ್ದು ಅಂದರೆ ಯಾವ ಸ್ವಿಚ್ಚೂ ಅದನ್ನು ಮುಂದಕ್ಕೆ ದಾಟಿಸಲ್ಲ. ಒಂದು ಕೇಬಲ್, ಒಂದು ನೆರೆ, ಅಲ್ಲಿಗೆ ಮುಗೀತು. ಉತ್ತರ ಇಲ್ಲ, ಚೌಕಾಸಿ ಇಲ್ಲ. ಯಂತ್ರ ಸರಿಯಾಗಿ ಬಾಗಿಲು ಹಾಕಿಕೊಂಡು ಹೋಗುವುದಾದರೆ ಕೊನೆಯ ಸಂದೇಶದಲ್ಲಿ ಅವಧಿಯನ್ನು 0 ಅಂತ ಬರೆದು ಹೋಗುತ್ತೆ, 'ನನ್ನನ್ನು ಈಗಲೇ ಮರೆತುಬಿಡಿ' ಅಂತ.

ಪ್ರತಿ ಸ್ವಿಚ್ಚಿಗೂ ಗೊತ್ತಿರೋದು ತನ್ನ ಪಕ್ಕದವರು ಮಾತ್ರ. ಆದರೆ ಎಲ್ಲ ಸ್ವಿಚ್‌ಗಳನ್ನೂ ಕೇಳಿ ಉತ್ತರಗಳನ್ನು ಜೋಡಿಸಿದರೆ ಇಡೀ ಕಟ್ಟಡದ ನಕ್ಷೆ ಸಿಗುತ್ತೆ. ಯುಯುಸಿಪಿ ಕಾಲದಲ್ಲಿ ಒಬ್ಬ ಮನುಷ್ಯನ ತಲೆಯಲ್ಲಿದ್ದ ನಕ್ಷೆ ಈಗ ಯಂತ್ರಗಳಲ್ಲೇ ಇದೆ, ಅರ್ಧ ನಿಮಿಷಕ್ಕೊಮ್ಮೆ ಹೊಸದಾಗುತ್ತಾ.

ಪರಿಚಯ ದಾಟಿ ಅಪ್ಪಣೆಗೆ

ಇಲ್ಲಿಗೆ ನಿಂತಿದ್ದರೆ ಕತೆ ಸುಖಾಂತ್ಯ. ಆದರೆ ನೆರೆಯವರು ಹೆಸರಷ್ಟೇ ಅಲ್ಲ, ಸೆಟ್ಟಿಂಗನ್ನೂ ಕೊಟ್ಟರೆ ಕೆಲಸ ಇನ್ನೂ ಕಮ್ಮಿಯಾಗುತ್ತಲ್ಲ ಅನ್ನೋ ಆಸೆ ಇದ್ದೇ ಇರುತ್ತೆ.

ಸಿಸ್ಕೊದ್ದೇ ವಿಟಿಪಿ ನೋಡಿ. ಒಂದು ಕಟ್ಟಡದಲ್ಲಿ ಲೆಕ್ಕಪತ್ರ ವಿಭಾಗಕ್ಕೆ ಒಂದು, ಸಿಬ್ಬಂದಿಗೆ ಒಂದು, ಫೋನ್‌ಗಳಿಗೆ ಒಂದು ಅಂತ ನೆಟ್‌ವರ್ಕನ್ನು ವಿಎಲ್ಯಾನ್‌ಗಳಾಗಿ ವಿಂಗಡಿಸಿರುತ್ತಾರೆ. ಆ ಪಟ್ಟಿಯನ್ನು ಐವತ್ತು ಸ್ವಿಚ್‌ಗಳಲ್ಲಿ ಕೈಯಲ್ಲಿ ಬರೆಯೋ ಬದಲು ಒಂದರಲ್ಲಿ ಬರೆದರೆ ಉಳಿದವಕ್ಕೆ ತಾನಾಗಿ ಹೋಗಲಿ ಅನ್ನೋದು ವಿಟಿಪಿ. ಯಾರ ಪಟ್ಟಿ ಹೊಸದು ಅಂತ ತೀರ್ಮಾನಿಸಲು ಒಂದು ಪರಿಷ್ಕರಣ ಸಂಖ್ಯೆ. ದೊಡ್ಡ ಸಂಖ್ಯೆ ಯಾರದ್ದೋ ಅವರ ಮಾತೇ ಕೊನೆ.

ಈಗ ಊಹಿಸಿಕೊಳ್ಳಿ. ಅಭ್ಯಾಸಕ್ಕೆ ಅಂತ ಮೂಲೆಯಲ್ಲಿಟ್ಟಿದ್ದ ಹಳೆಯ ಸ್ವಿಚ್ ಒಂದಿದೆ. ಅದರಲ್ಲಿ ವಿಎಲ್ಯಾನ್ ಸೇರಿಸಿ ತೆಗೆದು ಆಡಿ ಆಡಿ ಅದರ ಸಂಖ್ಯೆ ದೊಡ್ಡದಾಗಿದೆ, ಪಟ್ಟಿ ಮಾತ್ರ ಹೆಚ್ಚುಕಡಿಮೆ ಖಾಲಿ. ಅದೇ ವಿಟಿಪಿ ಡೊಮೇನ್ ಹೆಸರು, ಪಾಸ್‌ವರ್ಡ್ ಹಾಗೇ ಇದೆ. ಒಂದು ದಿನ ಪೋರ್ಟ್ ಸಾಲದು ಅಂತ ತಂದು ಆಫೀಸಿನ ನೆಟ್‌ವರ್ಕಿಗೆ ಹಾಕ್ತಾರೆ. ಉಳಿದ ಸ್ವಿಚ್‌ಗಳು 'ಓಹೋ, ಹೊಸ ಪಟ್ಟಿ ಬಂತು' ಅಂತ ತಮ್ಮ ಪಟ್ಟಿ ಅಳಿಸಿ ಖಾಲಿ ಪಟ್ಟಿ ಬರೆದುಕೊಳ್ಳುತ್ತವೆ. ಕ್ಷಣದಲ್ಲಿ ಇಡೀ ಕಟ್ಟಡ ಸ್ತಬ್ಧ. ಸರ್ವರ್ ಆಗಿರುವ ಸ್ವಿಚ್ ಮಾತ್ರ ಅಲ್ಲ, ಕ್ಲೈಂಟ್ ಆಗಿರುವುದೂ ಇದನ್ನು ಮಾಡಬಲ್ಲದು. ನೆಟ್‌ವರ್ಕಿಂಗ್ ಕಲಿಯುವವರಿಗೆಲ್ಲ ಈ ಅಪಾಯವನ್ನು ಮೊದಲೇ ಹೇಳಿ ಹೆದರಿಸ್ತಾರೆ. ಎಷ್ಟೋ ಕಡೆ ವಿಟಿಪಿಯನ್ನು ಪಾರದರ್ಶಕ ಸ್ಥಿತಿಯಲ್ಲಿಟ್ಟು, ಅಂದರೆ ಕೇಳಿದರೂ ಪಾಲಿಸದ ಹಾಗೆ ಮಾಡಿಟ್ಟೇ ಕೆಲಸ ನಡೆಸಿದರು. ಮೂರನೇ ಆವೃತ್ತಿಯಲ್ಲಿ ಸಿಸ್ಕೊ ಇದನ್ನು ತಿದ್ದಿತು. ಒಬ್ಬನನ್ನು ಮನುಷ್ಯನೇ ಮುಖ್ಯ ಸರ್ವರ್ ಅಂತ ನೇಮಿಸಬೇಕು, ಅವನ ಮಾತು ಮಾತ್ರ ನಡೆಯುತ್ತೆ.

1980ರ ಅರ್ಪಾನೆಟ್ ನೆನಪಾಯ್ತಲ್ವಾ? ಅಲ್ಲೂ 'ದೊಡ್ಡ ಸಂಖ್ಯೆಯೇ ನಿಜ', ಇಲ್ಲೂ 'ದೊಡ್ಡ ಸಂಖ್ಯೆಯೇ ನಿಜ'.

1993ರಲ್ಲಿ ಬಂದ ಡಿಎಚ್‌ಸಿಪಿಯದ್ದೂ ಇದೇ ಜಾತಿಯ ಕಷ್ಟ. ನಿಮ್ಮ ಫೋನು ವೈಫೈಗೆ ಸೇರಿದ ಕೂಡಲೇ 'ನನಗೊಂದು ವಿಳಾಸ ಕೊಡಿ' ಅಂತ ಕೂಗುತ್ತೆ, ಯಾರು ಕೊಟ್ಟರೂ ತಗೊಳ್ಳುತ್ತೆ. ಯಾರೋ ಮನೆಯ ರೂಟರ್ ತಂದು ಆಫೀಸಿನ ಗೋಡೆಯ ಸಾಕೆಟ್ಟಿಗೆ ತಪ್ಪು ಪೋರ್ಟಿನಿಂದ ಜೋಡಿಸಿದರೆ ಅದೂ ಧಾರಾಳವಾಗಿ ವಿಳಾಸ ಹಂಚತೊಡಗುತ್ತೆ. ಅರ್ಧ ಆಫೀಸಿಗೆ ಇಂಟರ್ನೆಟ್ ಹೋಗುತ್ತೆ. ಅದಕ್ಕೇ ಈಗಿನ ಸ್ವಿಚ್‌ಗಳಲ್ಲಿ, ವಿಳಾಸ ಕೊಡುವ ಮಾತು ಇಂಥ ಪೋರ್ಟಿನಿಂದ ಬಂದರೆ ಮಾತ್ರ ಒಳಗೆ ಬಿಡು ಅಂತ ಕಾವಲು ಇಡಬಹುದು.

ಎಲ್‌ಎಲ್‌ಡಿಪಿಗೂ 2006ರಲ್ಲಿ ಎಲ್‌ಎಲ್‌ಡಿಪಿ-ಮೆಡ್ ಅನ್ನೋ ವಿಸ್ತರಣೆ ಬಂತು. ಮೇಜಿನ ಮೇಲಿನ ಐಪಿ ಫೋನಿಗೆ 'ನೀನು ಧ್ವನಿಯ ವಿಎಲ್ಯಾನ್‌ಗೆ ಸೇರು' ಅಂತ ಸ್ವಿಚ್ ಹೇಳುತ್ತೆ, ಫೋನ್ ಸೇರುತ್ತೆ. ಇದೂ ಸೆಟ್ಟಿಂಗ್ ಹಂಚಿಕೆಯೇ. ಆದರೆ ಒಂದು ಕೇಬಲ್ಲಿನಷ್ಟು ದೂರ, ಒಂದು ಯಂತ್ರಕ್ಕೆ. ತಪ್ಪಾದರೆ ಒಂದು ಫೋನ್ ಕೆಡುತ್ತೆ, ಇಡೀ ಕಟ್ಟಡ ಅಲ್ಲ.

ಮತ್ತೆ ಕೈಯಲ್ಲಿ ಬರೆದ ಪಟ್ಟಿ

ಇನ್ನು ಕಟ್ಟಡದ ಹೊರಗೆ. ಕಂಪನಿ ಕಂಪನಿಗಳ, ದೇಶ ದೇಶಗಳ ನೆಟ್‌ವರ್ಕ್‌ಗಳನ್ನು ಬೆಸೆಯೋದು ಬಿಜಿಪಿ. 1989ರಲ್ಲಿ ಕರ್ಕ್ ಲೌಹೀಡ್ ಮತ್ತು ಯಾಕೋವ್ ರೆಕ್ಟರ್ ಊಟದ ಮೇಜಿನ ನ್ಯಾಪ್‌ಕಿನ್ ಮೇಲೆ ಗೀಚಿ ಶುರು ಮಾಡಿದ್ದು. ಇದರಲ್ಲಿ ನೆರೆಯವರನ್ನು ತಾನಾಗಿ ಹುಡುಕುವುದೇ ಇಲ್ಲ. ಯುಯುಸಿಪಿ ಕಾಲದ ಹಾಗೆ, ಇಂಥ ವಿಳಾಸದವನು ನನ್ನ ನೆರೆ ಅಂತ ಮನುಷ್ಯ ಬರೆಯಬೇಕು, ಆ ಕಡೆಯವನೂ ಬರೆಯಬೇಕು. ಭಾರತದ ಇಂಟರ್ನೆಟ್ ಕಂಪನಿಗಳು ಪರಸ್ಪರ ಸೇರಲಿ ಅಂತ 2003ರಲ್ಲಿ ಹುಟ್ಟಿದ ನಿಕ್ಸಿಯ ಕೇಂದ್ರ ಚೆನ್ನೈನಲ್ಲೂ ಇದೆ. ಅಲ್ಲಿ ಸೇರುವವರೂ ಬಿಜಿಪಿಯಲ್ಲೇ ಮಾತಾಡೋದು.

ಹೀಗೆ ಗೊತ್ತಿದ್ದವರನ್ನೇ ನೆರೆಯವರನ್ನಾಗಿ ಮಾಡಿಕೊಂಡರೂ ಸಾಲದು. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಹೋಗಿ, ಯೂಟ್ಯೂಬಿನ ವಿಳಾಸಗಳ ಒಂದು ಭಾಗಕ್ಕೆ ದಾರಿ ತನ್ನಲ್ಲೇ ಇದೆ ಅಂತ ಹೇಳಿತು. ಆ ಮಾತು ಹೊರಗೆ ಸೋರಿತು. ಮೇಲಿನ ನೆರೆಯವರಾದ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಅದನ್ನು ಪರೀಕ್ಷಿಸದೆ ಜಗತ್ತಿಗೆ ದಾಟಿಸಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಇರಲಿಲ್ಲ. ನೆರೆಯವರ ಪರಿಚಯ ಪಕ್ಕಾ ಇತ್ತು, ಅವರ ಮಾತಿನ ಪರೀಕ್ಷೆ ಇರಲಿಲ್ಲ.

ಪರಿಚಯವೂ ಪೂರ್ತಿ ನಿರಪಾಯ ಅಲ್ಲ ಅಂತ 2020ರ ಫೆಬ್ರವರಿಯಲ್ಲಿ ಗೊತ್ತಾಯಿತು. ಆರ್ಮಿಸ್ ಅನ್ನೋ ಭದ್ರತಾ ಸಂಸ್ಥೆ ಸಿಸ್ಕೊದ ರೂಟರ್, ಫೋನ್, ಕ್ಯಾಮೆರಾಗಳು ಸಿಡಿಪಿ ಸಂದೇಶವನ್ನು ಓದುವ ರೀತಿಯಲ್ಲೇ ಐದು ದೋಷಗಳನ್ನು ಬಯಲು ಮಾಡಿತು. ಬೇಕಂತಲೇ ಕೆಡಿಸಿ ಬರೆದ ಪರಿಚಯಪತ್ರವನ್ನು ಓದಿದರೇ ಯಂತ್ರ ಕೈತಪ್ಪಬಹುದಿತ್ತು. ಅದಕ್ಕೆ ದಾಳಿಕೋರ ಅದೇ ನೆಟ್‌ವರ್ಕಿನ ಒಳಗೆ, ಪಕ್ಕದಲ್ಲೇ ಇರಬೇಕು ಅನ್ನೋದೊಂದೇ ಸಮಾಧಾನ. ಸಿಸ್ಕೊ ತಿದ್ದುಪಡಿ ಬಿಟ್ಟಿತು.

ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಇದೇ ಕೆಲಸ ಮಾಡುವವರು. ನಿಮಗೆ ಈ ಇತಿಹಾಸದಿಂದ ಎರಡು ಕೆಲಸದ ಮಾತು. ಒಳಗಿನ ಸ್ವಿಚ್‌ಗಳ ನಡುವೆ ಎಲ್‌ಎಲ್‌ಡಿಪಿ ಆನ್ ಇರಲಿ. ರಾತ್ರಿ ಹನ್ನೆರಡಕ್ಕೆ ಏನೋ ಕೆಟ್ಟಾಗ ಎಕ್ಸೆಲ್ ಹಾಳೆಗಿಂತ ಅದೇ ನಿಜ ಹೇಳುತ್ತೆ. ಹೊರಗಿನವರು ಕೇಬಲ್ ಚುಚ್ಚಬಹುದಾದ ಕಡೆ, ಇಂಟರ್ನೆಟ್ ಕಂಪನಿಯ ಕಡೆಗಿನ ಪೋರ್ಟಿನಲ್ಲಿ ಅದು ಆಫ್ ಇರಲಿ. ನಿಮ್ಮ ಯಂತ್ರದ ಹೆಸರು, ಮಾದರಿ ದಾರಿಹೋಕರಿಗೆ ಬೇಕಾಗಿಲ್ಲ. ಸೆಟ್ಟಿಂಗ್ ತಾನಾಗಿ ಹಂಚುವ ಯಾವ ವ್ಯವಸ್ಥೆ ತಂದರೂ ಮೂರು ಪ್ರಶ್ನೆ ಕೇಳಿ: ಈ ಮಾತು ಎಷ್ಟು ದೂರ ಹೋಗುತ್ತೆ? ಎಷ್ಟು ಹೊತ್ತು ಬದುಕುತ್ತೆ? ತಪ್ಪಾದರೆ ಯಾರು 'ಇಲ್ಲ' ಅನ್ನಬಲ್ಲರು? ಎಲ್‌ಎಲ್‌ಡಿಪಿಯ ಬಳಿ ಮೊದಲ ಎರಡಕ್ಕೆ ಸ್ಪಷ್ಟ ಉತ್ತರ ಇದೆ: ಒಂದು ಕೇಬಲ್, ಎರಡು ನಿಮಿಷ. ಮೂರನೆಯದಕ್ಕೆ ಉತ್ತರ ಇವತ್ತಿಗೂ ಕೂತು ಸೆಟ್ಟಿಂಗ್ ಬರೆಯುವ ಮನುಷ್ಯನೇ.